ಫಾದರ್ ಹ್ಯಾಸ್ಕೆಲ್ ಮುಚ್ಚಿಸಿದ ಬಾಗಿಲು

ರೋಗಿಯನ್ನು ಮುಟ್ಟುವ ಮೊದಲು ಆರಿನ್ ಹ್ಯಾಸ್ಕೆಲ್ ಕೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದ. ಕೋಣೆಯ ಹೊರಗೆ ನಿಂತು, ಎರಡೂ ಅಂಗೈಗಳನ್ನು ಕೋಟಿನೊಳಗೆ ಕಂಕುಳಿಗೆ ಒತ್ತಿಕೊಂಡು, ಒಂದು ಕೀರ್ತನೆ ಹೇಳಿ ಮುಗಿಸುವಷ್ಟು ಹೊತ್ತು ಕಾಯುತ್ತಿದ್ದ. ಆಮೇಲೆ ಬಾಗಿಲು ತಟ್ಟುತ್ತಿದ್ದ. ಮ್ಯಾಡಾಕ್ ಫಾಲ್ಸ್ ಊರಿನಲ್ಲಿ ಮೂವತ್ತನಾಲ್ಕು ವರ್ಷ ಅವನ ಕೈ ಹಿಡಿದುಕೊಂಡು ಸತ್ತವರಲ್ಲಿ ಯಾರೂ ಆ ಕೈ ತಣ್ಣಗಿತ್ತೆಂದು ದೂರಲಿಲ್ಲ. ಬದುಕಿದ್ದವರ ದೂರು ಬೇರೆ ಇತ್ತು.

ಅವನು ಹುಟ್ಟಿದ್ದು ಅಮೆರಿಕದ ಮೇನ್ ರಾಜ್ಯದ ಕರಾವಳಿಯಲ್ಲಿ. ತಾಯಿ ಸಾರ್ಡೀನ್ ಕಾರ್ಖಾನೆಯಲ್ಲಿ ಕತ್ತರಿ ಹಿಡಿದು ಮೀನಿನ ತಲೆ ಕತ್ತರಿಸಿ ಡಬ್ಬಿಗೆ ಜೋಡಿಸುತ್ತಿದ್ದಳು. ತಂದೆ ದೀಪಸ್ತಂಭದ ಕಾವಲುಗಾರ. ಒಂದು ಸಂಜೆ ಮಂಜು ಕವಿದಾಗ ದೀಪ ಹಚ್ಚುವುದು ನಾಲ್ಕು ನಿಮಿಷ ತಡವಾಯಿತು. ಸಮುದ್ರದಲ್ಲಿ ಒಂದು ದೋಣಿಯೂ ಇರಲಿಲ್ಲ. ಆದರೂ ಆ ಮನುಷ್ಯ ತನ್ನ ಮೇಲೆ ತಾನೇ ವರದಿ ಬರೆದು ಕಳಿಸಿದ. ಹ್ಯಾಸ್ಕೆಲ್ ಈ ಕಥೆಯನ್ನು ಪ್ರಸಂಗಪೀಠದಿಂದ ಎಷ್ಟು ಸಲ ಹೇಳಿದ್ದನೆಂದರೆ, ಅವನು "ನನ್ನ ತಂದೆ" ಎಂದು ಬಾಯಿ ತೆರೆದ ಕೂಡಲೇ ಹಿಂದಿನ ಸಾಲಿನವರು ನಾಲ್ಕು ಬೆರಳು ಎತ್ತಿ ತೋರಿಸಿ ನಗುತ್ತಿದ್ದರು. ಅವನಿಗೆ ಅದು ನಗುವ ಮಾತಾಗಿರಲಿಲ್ಲ. ಯಾರೂ ನೋಡದಿರುವಾಗಲೂ ನಿಯಮ ನಿಯಮವೇ. ದೇವರ ಬಗ್ಗೆ ಅವನಿಗೆ ಗೊತ್ತಿದ್ದುದರಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ.

ಪಾದ್ರಿಗಳು ಮದುವೆಯಾಗಬಹುದಾದ ಎಪಿಸ್ಕೋಪಲ್ ಸಭೆಯಲ್ಲಿ ಬಿಷಪ್‌ನಿಂದ ಪಾದ್ರಿಯ ದೀಕ್ಷೆ ಪಡೆದು, ಎರಡು ಕಡೆ ಸಹಾಯಕನಾಗಿ ದುಡಿದು, ಸಾವಿರದ ಒಂಬೈನೂರ ಎಪ್ಪತ್ತೆಂಟರ ಶರತ್ಕಾಲದಲ್ಲಿ ಹೆಂಡತಿ ಈನಿಡ್ ಜೊತೆ ಮ್ಯಾಡಾಕ್ ಫಾಲ್ಸಿಗೆ ಬಂದಾಗ ಅವನಿಗೆ ಮೂವತ್ತೈದು. ನದಿಯ ದಂಡೆಗೆ ಕಾಗದದ ಗಿರಣಿ, ಗಿರಣಿಯ ಕೊಳೆತ ಮೊಟ್ಟೆಯ ವಾಸನೆ, ಗುಡ್ಡದ ಮೇಲೆ ಫ್ರೆಂಚರ ಕ್ಯಾಥೊಲಿಕ್ ಚರ್ಚು, ಪೇಟೆ ಬೀದಿಯಲ್ಲಿ ಬೂದು ಕಲ್ಲಿನ ಸೇಂಟ್ ಬಾರ್ನಬಸ್. ಚರ್ಚಿನ ಎದುರಿಗೆ ರಸ್ತೆಯ ಆಚೆ ಒಂದು ಬೂಟಿನ ಅಂಗಡಿ, ಅದರ ಮುಂದೆ ಬಸ್ಸಿನ ಕಂಬ. ಕೀಲಿಕೈ ಕೊಟ್ಟರು, ಮನೆ ಕೊಟ್ಟರು, ಮೊದಲ ಶನಿವಾರ ಬೀನ್ಸ್ ಊಟಕ್ಕೆ ಕೂರಿಸಿದರು. ಬೀನ್ಸ್ ಮಡಕೆಯ ಮೇಲೆ ಕಟ್ಟುವ, ಎಲ್ಲರೂ ಆಸೆಪಡುವ ಕಂದು ಕೆನೆಯನ್ನು ಮಾತ್ರ ಹಳೆಯ ಪಾದ್ರಿಯ ತಟ್ಟೆಗೆ ಹಾಕಿದರು.

ಹಳೆಯ ಪಾದ್ರಿಯ ಹೆಸರು ವಿನ್‌ಸ್ಲೋ. ಇಪ್ಪತ್ತೊಂಬತ್ತು ವರ್ಷ ಅಲ್ಲಿದ್ದು ನಿವೃತ್ತನಾದ ವಿಧುರ. ಈ ಸಭೆಯಲ್ಲಿ ಒಂದು ಕಟ್ಟಳೆ ಇದೆ. ಬಿಟ್ಟು ಹೋದ ಪಾದ್ರಿ ತನ್ನ ಹಳೆಯ ಚರ್ಚಿನಲ್ಲಿ ದೀಕ್ಷಾಸ್ನಾನ ಮಾಡಿಸಕೂಡದು, ಮದುವೆ ಮಾಡಿಸಕೂಡದು, ಮಣ್ಣು ಮಾಡಕೂಡದು. ಹೊಸಬ ತಾನಾಗಿ ಕರೆಯುವವರೆಗೆ ಒಳಗೆ ಬಂದು ಕೂರಲೂ ಕೂಡದು. ಜನ ಹೊಸಬನಿಗೆ ಒಗ್ಗಿಕೊಳ್ಳಲಿ ಎಂದು ಹೀಗೆ ಮಾಡಿದ್ದು. ಸಾಮಾನ್ಯವಾಗಿ ಹಳಬರು ಬೇರೆ ಊರಿಗೆ ಹೊರಟುಹೋಗುತ್ತಾರೆ. ವಿನ್‌ಸ್ಲೋಗೆ ಬೇರೆ ಊರು ಇರಲಿಲ್ಲ. ಚರ್ಚಿನಿಂದ ಎರಡು ಬೀದಿ ಆಚೆ ಚಿಕ್ಕ ಮನೆ ಹಿಡಿದು, ಭಾನುವಾರ ಬೆಳಿಗ್ಗೆ ಬಂದು ಕೊನೆಯ ಸಾಲಿನ ತುದಿಯಲ್ಲಿ ಕೂರುತ್ತಿದ್ದ. ಆರಾಧನೆ ಮುಗಿದ ಮೇಲೆ ಜನ ಬಾಗಿಲಲ್ಲಿ ಹ್ಯಾಸ್ಕೆಲ್‌ನ ಕೈ ಕುಲುಕಿ, ಮೆಟ್ಟಿಲಿಳಿದು, ಕೆಳಗೆ ನಿಂತಿದ್ದ ವಿನ್‌ಸ್ಲೋನ ಸುತ್ತ ಸೇರುತ್ತಿದ್ದರು. ನಗು ಕೇಳುತ್ತಿದ್ದುದು ಕೆಳಗಿನಿಂದ.

ಹ್ಯಾಸ್ಕೆಲ್ ಒಂದು ವರ್ಷ ತಡೆದುಕೊಂಡ. ಆಮೇಲೆ ಬಿಷಪ್‌ಗೆ ಬರೆದ. ನಿಯಮ ನಿನ್ನ ಕೈಯಲ್ಲಿದೆ, ನೀನೇ ನೋಡಿಕೋ ಎಂದು ಉತ್ತರ ಬಂತು. ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಮುದುಕನ ಮನೆಗೆ ಹೋದ. ವಿನ್‌ಸ್ಲೋ ಅವನಿಗೆ ಚಹಾ ಮಾಡಿಕೊಟ್ಟ, ಕಾಗದ ಓದಿದ, ಮಡಿಸಿ ವಾಪಸ್ಸು ಕೊಟ್ಟ.

"ನಾನು ಸುಮ್ನೆ ಮೂಲೇಲಿ ಕೂತು ಹಾಡು ಹೇಳ್ತೀನಪ್ಪ. ಅಷ್ಟೇ."

"ನೀವು ಕೂತಿರೋವರೆಗೂ ನನಗೆ ಅಲ್ಲಿ ನಿಲ್ಲಕ್ಕಾಗಲ್ಲ, ಫಾದರ್."

ಮುದುಕ ಚಹಾದ ಬಟ್ಟಲುಗಳನ್ನು ಎತ್ತಿ ಒಳಗೆ ಒಯ್ದ. ಮುಂದಿನ ಭಾನುವಾರದಿಂದ ಅವನು ಬರಲಿಲ್ಲ. ಕೊನೆಯ ಸಾಲಿನ ಆ ಜಾಗದಲ್ಲಿ ಬೇರೆ ಯಾರೂ ಕೂರಲೂ ಇಲ್ಲ.

ಎಂಬತ್ತರ ಜನವರಿಯಲ್ಲಿ ವೆಸ್ಟಾ ಬೀಲ್ ಸತ್ತಳು. ಗಂಡನನ್ನೂ ಇಬ್ಬರು ಮಕ್ಕಳನ್ನೂ ವಿನ್‌ಸ್ಲೋನ ಪ್ರಾರ್ಥನೆಯೊಂದಿಗೆ ಮಣ್ಣಿಗೆ ಕೊಟ್ಟ ಹೆಂಗಸು. ಉಳಿದಿದ್ದ ಒಬ್ಬಳೇ ಮಗಳು ಲಿಯೋನಾ, ಊರಿನ ಗ್ರಂಥಾಲಯದಲ್ಲಿ ಕೆಲಸ, ಮದುವೆಯಾಗಿರಲಿಲ್ಲ, ನಲವತ್ತರ ಹತ್ತಿರ. ಅವಳು ಹ್ಯಾಸ್ಕೆಲ್‌ನ ಕೋಣೆಗೆ ಬಂದು, ಹಿಮ ಹತ್ತಿದ ಬೂಟುಗಳನ್ನು ಹೊರಗೇ ಬಿಚ್ಚಿಟ್ಟು, ಕಾಲುಚೀಲದಲ್ಲಿ ನಿಂತುಕೊಂಡು ಕೇಳಿದಳು. ಫಾದರ್ ವಿನ್‌ಸ್ಲೋ ಮಾಡಿಸಲಿ, ಅಮ್ಮ ಅದೊಂದನ್ನೇ ಕೇಳಿದ್ದು.

ಆಗುವುದಿಲ್ಲ ಎಂದು ಹ್ಯಾಸ್ಕೆಲ್ ಹೇಳಿದ. ಒಂದು ಪ್ರಾರ್ಥನೆಯಾದರೂ ಓದಲಿ ಎಂದಳು. ಒಂದನ್ನು ಬಿಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ ಎಂದ. ಸುಮ್ಮನೆ ಬಂದು ಕೂರಲಿ ಎಂದಳು. ಅವನು ನಿಯಮವನ್ನು ಮೊದಲಿನಿಂದ ವಿವರಿಸಿದ, ಮೆತ್ತಗಿನ ದನಿಯಲ್ಲಿ, ಅವಳ ಕೈ ಹಿಡಿದುಕೊಂಡು. ಲಿಯೋನಾ ಕೈ ಬಿಡಿಸಿಕೊಂಡಳು.

"ನಿಮ್ಮ ಕೈ ಬೆಚ್ಚಗಿದೆ ಫಾದರ್," ಎಂದಳು. "ಅಮ್ಮನೂ ಹೇಳ್ತಿದ್ಲು."

ಅಂತ್ಯಕ್ರಿಯೆಯ ದಿನ ಚಳಿ ಸೊನ್ನೆಗಿಂತ ಎಷ್ಟೋ ಕೆಳಗೆ. ಶವಪೆಟ್ಟಿಗೆ ಒಳಗೆ ಬರುವಾಗ ಹ್ಯಾಸ್ಕೆಲ್ ಬಾಗಿಲಲ್ಲಿ ನಿಂತು ಶವಸಂಸ್ಕಾರದ ಆರಾಧನೆಯ ಮೊದಲ ವಾಕ್ಯಗಳನ್ನು ಹೇಳುತ್ತಿದ್ದ. ರಸ್ತೆಯ ಆಚೆ, ಬಸ್ಸಿನ ಕಂಬದ ಪಕ್ಕದಲ್ಲಿ, ಕಪ್ಪು ಓವರ್‌ಕೋಟು ತೊಟ್ಟ ವಿನ್‌ಸ್ಲೋ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. ತುಟಿ ಅಲುಗುತ್ತಿತ್ತು. ಚಳಿಗೆ ಹಲ್ಲು ಕಟಕಟ ಎನ್ನುತ್ತಿರಬೇಕು, ಇಲ್ಲವೇ ನನ್ನನ್ನು ಬಯ್ಯುತ್ತಿರಬೇಕು ಎಂದುಕೊಂಡ ಹ್ಯಾಸ್ಕೆಲ್. ಬಸ್ಸಿಗೆ ಕಾಯುತ್ತಿದ್ದಾನೆ ಎಂದೂ ಅಂದುಕೊಂಡ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು. ಬಾಗಿಲು ಕಾಯುತ್ತಿದ್ದವನು ಮರ್ಲ್ ಡೈಯರ್, ಗಿರಣಿಯ ಹುಡುಗ, ಆಗಷ್ಟೇ ಆ ಕೆಲಸಕ್ಕೆ ಸೇರಿಕೊಂಡಿದ್ದ. ಒಳಗೆ ತಿರುಗುವ ಮೊದಲು ಹ್ಯಾಸ್ಕೆಲ್ ಅವನ ಕಿವಿಯಲ್ಲಿ, ಪೆಟ್ಟಿಗೆ ಒಳಗೆ ಬಂದ ಮೇಲೆ ಚಳಿಗಾಲದಲ್ಲಿ ಬಾಗಿಲು ತೆರೆದಿರಕೂಡದು ಎಂದ. ಮರ್ಲ್ ಮುಚ್ಚಿದ. ಪೆಟ್ಟಿಗೆಯ ಹಿಂದೆ ನಡೆಯುತ್ತಿದ್ದ ಲಿಯೋನಾ ಆ ಸದ್ದಿಗೆ ಒಮ್ಮೆ ಹಿಂದಕ್ಕೆ ನೋಡಿದಳು.

ವಿನ್‌ಸ್ಲೋ ಅದೇ ವಸಂತದಲ್ಲಿ ಸತ್ತ. ಒಹಾಯೋದಿಂದ ಮಗಳು ಬಂದು ದೇಹವನ್ನು ತನ್ನೂರಿಗೆ ಸಾಗಿಸಿಕೊಂಡು ಹೋದಳು. ಸೇಂಟ್ ಬಾರ್ನಬಸ್‌ನಲ್ಲಿ ಅವನಿಗಾಗಿ ಒಂದು ಭಾನುವಾರ ಪ್ರಾರ್ಥಿಸಿದರು. ಹ್ಯಾಸ್ಕೆಲ್ ಹೆಸರನ್ನು ಸ್ಪಷ್ಟವಾಗಿ ಓದಿದ.

ಅಲ್ಲಿಂದ ಅವನು ನಿಜವಾಗಿ ಪಾದ್ರಿಯಾದ. ಇದನ್ನೂ ಹೇಳಬೇಕು. ಗಿರಣಿಯಲ್ಲಿ ಕೈ ಕಳೆದುಕೊಂಡವನ ಮನೆಗೆ ತಿಂಗಳುಗಟ್ಟಲೆ ಹೋಗಿ ಎಡಗೈಯಲ್ಲಿ ಬರೆಯಲು ಕಲಿಸಿದ. ನೇಣು ಹಾಕಿಕೊಂಡವನನ್ನು ಉಳಿದವರಂತೆಯೇ ಬಿಳಿ ಹೊದಿಕೆ ಹೊದಿಸಿ ಬಲಿಪೀಠದ ಮುಂದೆ ತಂದಿಟ್ಟು, ಗೊಣಗಿದ ಹಿರಿಯರನ್ನು ಒಂದು ನೋಟದಲ್ಲಿ ಕೂರಿಸಿದ. ಹಾಗೆಯೇ, ಮೂವತ್ತು ವರ್ಷ ಹಾಡಿದ ಮುದುಕಿಯ ದನಿ ಒಡೆದಾಗ ಗಾಯಕವೃಂದದಿಂದ ಅವಳನ್ನು ತೆಗೆದ, ಈಸ್ಟರ್‌ಗೆ ಒಂದು ವಾರ ಮೊದಲು. ದೀಕ್ಷಾಸ್ನಾನದ ತರಗತಿಗೆ ಎರಡು ಸಲ ಬಾರದ ತಂದೆಗೆ ನಿನ್ನ ಮಗುವಿಗೆ ಈ ವರ್ಷ ದೀಕ್ಷಾಸ್ನಾನವಿಲ್ಲ ಎಂದ. ಕರುಣೆಯ ಕೆಲಸವನ್ನೂ ಕಟ್ಟಳೆಯ ಕೆಲಸವನ್ನೂ ಒಂದೇ ದನಿಯಲ್ಲಿ ಮಾಡುತ್ತಿದ್ದ. ಈನಿಡ್ ಒಮ್ಮೆ ಊಟದ ಮೇಜಿನಲ್ಲಿ, ನಿನಗೆ ಸಾಯೋರನ್ನ ಕಂಡರೆ ಮಾತ್ರ ಪ್ರೀತಿ ಆರಿನ್, ಬದುಕಿರೋರು ಅದಕ್ಕೋಸ್ಕರ ಕಾಯಬೇಕು ಎಂದಿದ್ದಳು. ಅವನು ನಕ್ಕು ಇನ್ನಷ್ಟು ಮೀನಿನ ಸಾರು ಬಡಿಸಿಕೊಂಡ.

ಈ ಎಲ್ಲ ವರ್ಷ ಲಿಯೋನಾ ಬೀಲ್ ಅವನ ಬಲಿಪೀಠವನ್ನು ನೋಡಿಕೊಂಡಳು. ಪ್ರಭುಭೋಜನದ ದ್ರಾಕ್ಷಾರಸದ ಪಾತ್ರೆ ಒರೆಸಿದ ನಾರುಬಟ್ಟೆಗಳನ್ನು ಮನೆಗೊಯ್ದು ಬೇರೆ ನೀರಿನಲ್ಲಿ ಒಗೆದು, ಇಸ್ತ್ರಿ ಮಾಡಿ, ಮೂರು ಮಡಿಕೆಗೆ ಮಡಿಸಿ ತರುತ್ತಿದ್ದಳು. ಅವಳು ಮಡಿಸಿದ ಬಟ್ಟೆಯಲ್ಲಿ ಒಂದು ಸುಕ್ಕನ್ನೂ ಅವನು ಕಾಣಲಿಲ್ಲ. ಆರಾಧನೆಗೆ ಮೊದಲು ಚಿಕ್ಕ ಕೋಣೆಯಲ್ಲಿ ಅವನಿಗೆ ಮೇಲಂಗಿ ತೊಡಿಸುವವಳೂ ಅವಳೇ. ವೆಸ್ಟಾಳ ಹೆಸರು ಅವರಿಬ್ಬರ ನಡುವೆ ಮತ್ತೆ ಬರಲಿಲ್ಲ. ಲಿಯೋನಾ ಕ್ಷಮಿಸಿದಳು, ನಿಯಮ ಅರ್ಥಮಾಡಿಕೊಂಡಳು ಎಂದು ಅವನು ನಂಬಿದ. ತನ್ನ ಬದುಕು ಸರಿಯಾಗಿ ನಡೆದಿದೆ ಎನ್ನುವುದಕ್ಕೆ ಅವನಲ್ಲಿದ್ದ ಸಾಕ್ಷಿಗಳಲ್ಲಿ ಲಿಯೋನಾಳ ಇಸ್ತ್ರಿಯೂ ಒಂದು.

ತೊಂಬತ್ತನಾಲ್ಕರ ಲೆಂಟ್ ಉಪವಾಸ ಕಾಲದಲ್ಲಿ ಅವನು ಸಭೆಯ ಎಲ್ಲರಿಗೂ ಒಂದೊಂದು ಹಾಳೆ ಹಂಚಿದ. ನಿಮ್ಮ ಅಂತ್ಯಕ್ರಿಯೆಗೆ ಯಾವ ಹಾಡು, ಯಾವ ಪಾಠ, ಯಾರು ಪೆಟ್ಟಿಗೆ ಹೊರಬೇಕು, ಬರೆದುಕೊಡಿ. ಸತ್ತ ಮೇಲೆ ಮಕ್ಕಳು ಜಗಳವಾಡುವುದು ತಪ್ಪುತ್ತದೆ. ಬೇರೆ ಚರ್ಚುಗಳಲ್ಲೂ ಇದು ಇದೆ, ಆದರೆ ಹ್ಯಾಸ್ಕೆಲ್ ಒಂದು ಮಾತು ಸೇರಿಸಿದ: ಹಾಳೆಯಲ್ಲಿ ಬರೆದದ್ದು ಬರೆದಂತೆಯೇ ನಡೆಯುತ್ತದೆ, ಬೇಕಾದರೆ ಲಕೋಟೆ ಅಂಟಿಸಿ ಕೊಡಿ, ಆ ದಿನದವರೆಗೆ ನಾನೂ ತೆರೆಯುವುದಿಲ್ಲ. ಲಿಯೋನಾ ಅಂಟಿಸಿ ಕೊಟ್ಟಳು. ಒಂದು ಮೂಲೆ ಸರಿಯಾಗಿ ಅಂಟಿರಲಿಲ್ಲ. ಹ್ಯಾಸ್ಕೆಲ್ ಅದನ್ನು ಹೆಬ್ಬೆರಳಿನಿಂದ ಒತ್ತಿ, ಕಬ್ಬಿಣದ ಕಪಾಟಿನಲ್ಲಿಟ್ಟ.

ಗಿರಣಿ ಅರ್ಧ ಮುಚ್ಚಿತು. ಬೂಟಿನ ಅಂಗಡಿ ಪೂರ್ತಿ ಮುಚ್ಚಿತು. ಬಸ್ಸು ನಿಂತಿತು, ಕಂಬ ಮಾತ್ರ ಉಳಿಯಿತು. ಇನ್ನೂರು ಜನ ಕೂರುತ್ತಿದ್ದ ಚರ್ಚಿನಲ್ಲಿ ನಲವತ್ತು ಜನ ದೂರದೂರ ಕೂತರು. ಈನಿಡ್ ಸತ್ತಳು, ಅವಳ ಬೂದಿಯನ್ನು ಚರ್ಚಿನ ಹಿಂದಿನ ತೋಟದಲ್ಲಿ ಹೂತರು. ಅರವತ್ತೊಂಬತ್ತಕ್ಕೆ ಹ್ಯಾಸ್ಕೆಲ್ ನಿವೃತ್ತನಾದಾಗ ಬಿಷಪ್ ಕಚೇರಿಯಿಂದ ಅದೇ ಕಟ್ಟಳೆಯ ಕಾಗದ ಬಂತು. ಅವನು ಓದದೆ ಸಹಿ ಹಾಕಿದ. ಬಾಯಿಪಾಠವಿತ್ತು.

ಊರು ಬಿಟ್ಟು ಹೋಗಬಹುದಿತ್ತು. ಈನಿಡ್ ಇಲ್ಲಿದ್ದಳು. ನದಿಯ ಪಕ್ಕದಲ್ಲಿ ಎರಡು ಕೋಣೆಯ ಮನೆ ಹಿಡಿದ. ಭಾನುವಾರ ನಲವತ್ತು ಮೈಲಿ ಕಾರು ಓಡಿಸಿ, ಅವನ ಹೆಸರು ಯಾರಿಗೂ ಗೊತ್ತಿಲ್ಲದ ಒಂದು ಚರ್ಚಿನಲ್ಲಿ ಕೂತು ಬರುತ್ತಿದ್ದ. ಹೊಸ ಪಾದ್ರಿ ಗ್ರೆಟಾ ಲೂಮಿಸ್, ಮೊದಲು ದಾದಿಯಾಗಿದ್ದವಳು, ಐವತ್ತರ ಹತ್ತಿರದ ದೊಡ್ಡ ದನಿಯ ಹೆಂಗಸು. ತೋಟಕ್ಕೆ ಬಂದು ಹೆಂಡತಿಯ ಹತ್ತಿರ ನಿಲ್ಲಬಹುದೇ ಎಂದು ಅವನು ಅವಳಿಗೆ ಕಾಗದ ಬರೆದ. ಇದಕ್ಕೆಲ್ಲ ಕೇಳುತ್ತಾರೆಯೇ, ಯಾವಾಗ ಬೇಕಾದರೂ ಬನ್ನಿ ಎಂದಳು. ಅವನು ಪ್ರತಿ ಸಲವೂ ಕೇಳಿಯೇ ಹೋದ.

ಪೇಟೆಯಲ್ಲಿ ಜನ ನಿಂತು ಮಾತಾಡಿಸುತ್ತಿದ್ದರು, ಆದರೆ ಹಾಲಿನ ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ. ಎರಡು ವರ್ಷದಲ್ಲಿ ಅವನಿಗೆ ಒಂದೇ ಒಂದು ಆಸೆ ಉಳಿಯಿತು. ಲಿಯೋನಾ ಬೀಲ್‌ಗೆ ಹೊಟ್ಟೆಯ ಕ್ಯಾನ್ಸರ್ ಎಂದು ತಿಳಿದ ದಿನ ಆ ಆಸೆ ಹುಟ್ಟಿತು. ಅವಳನ್ನು ತಾನೇ ಮಣ್ಣು ಮಾಡಬೇಕು. ಇನ್ನೊಂದೇ ಒಂದು ಸಲ ಆ ಬಾಗಿಲಲ್ಲಿ ನಿಂತು ಆ ವಾಕ್ಯಗಳನ್ನು ಹೇಳಬೇಕು.

ಗ್ರೆಟಾಳನ್ನು ಕೇಳಲು ಹೋದಾಗ ಅವನು, ಎಪ್ಪತ್ತು ದಾಟಿದವನು, ಹಿಮದ ಬೂಟು ಹೊರಗೆ ಬಿಚ್ಚಿಟ್ಟು ಕಾಲುಚೀಲದಲ್ಲಿ ನಿಂತ. ಅವಳು ಕೂರಿಸಿದಳು.

"ಅದಕ್ಕೇನಂತೆ ಫಾದರ್. ಮೂವತ್ತು ವರ್ಷ ಜೊತೇಲಿ ಇದ್ದೋರು ನೀವು. ಲಿಯೋನಾಗೆ ಯಾರು ಬೇಕೋ ಅವರೇ ಮಾಡಲಿ. ಆ ಮಾತು ಮಾತ್ರ ಅವರ ಬಾಯಿಂದ ಬರಲಿ."

ಇಷ್ಟು ಸುಲಭವಾಗಿ ಹೌದು ಎನ್ನಬಹುದು ಎಂಬುದು ಅವನಿಗೆ ಗೊತ್ತಿರಲಿಲ್ಲ.

ಶುಶ್ರೂಷಾಲಯದಲ್ಲಿ ಲಿಯೋನಾಳ ಬಾಗಿಲ ಹೊರಗೆ ಕೈ ಬೆಚ್ಚಗೆ ಮಾಡಿಕೊಂಡು ಒಳಗೆ ಹೋದ. ಅವಳು ಹೊದಿಕೆಯ ಅಂಚನ್ನು ಬೆರಳಿನಿಂದ ಮಡಿಸುತ್ತಿದ್ದಳು, ಮೂರು ಮಡಿಕೆ. ಅವನು ಸುತ್ತಿ ಬಳಸಿ ವಿಷಯಕ್ಕೆ ಬಂದ. ಆ ದಿನ ಯಾರು ಇರಬೇಕೆಂದು ನಿನ್ನ ಮನಸ್ಸಿನಲ್ಲಿದೆ ಎಂದು ಕೇಳಿದ.

"ಎಲ್ಲಾ ಬರೆದುಕೊಟ್ಟಿದೀನಲ್ಲ ಫಾದರ್, ನಿಮ್ಮ ಕೈಗೇ. ನೀವೂ ಇದೀರ ಅದರಲ್ಲಿ."

ಅವನು ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡ.

"ಬರೆದ ಹಾಗೇ ನಡೆಯುತ್ತಾ?" ಎಂದಳು.

"ಬರೆದ ಹಾಗೇ ನಡೆಯುತ್ತೆ. ಮಾತು ಕೊಡ್ತೀನಿ, ಲಿಯೋನಾ."

"ಯಾರು ಬೇಡ ಅಂದ್ರೂ?"

"ಯಾರು ಬೇಡ ಅಂದ್ರೂ."

"ನೀವು ಮಾತು ತಪ್ಪೋರಲ್ಲ," ಎಂದಳು ಲಿಯೋನಾ. ಇನ್ನೇನೋ ಹೇಳುವವಳಂತೆ ಬಾಯಿ ತೆರೆದವಳು ನೀರು ಕೇಳಿದಳು. ಅವನು ಚಮಚದಲ್ಲಿ ಕುಡಿಸಿದ.

ಅವಳು ಫೆಬ್ರವರಿಯ ಒಂದು ಗುರುವಾರ ಸತ್ತಳು. ಅಷ್ಟರಲ್ಲಿ ಹ್ಯಾಸ್ಕೆಲ್ ದೇವದಾರು ಪೆಟ್ಟಿಗೆಯಿಂದ ಪಾದ್ರಿಗಳು ಕೊರಳಿಗೆ ಹಾಕುವ ತನ್ನ ಬಿಳಿ ಶಾಲನ್ನು ತೆಗೆದು, ತಾನೇ ಇಸ್ತ್ರಿ ಮಾಡಲು ಹೋಗಿ ತುದಿಯಲ್ಲಿ ಕಂದು ಕಲೆ ಮಾಡಿಕೊಂಡಿದ್ದ. ಪ್ರಸಂಗವನ್ನೂ ಬರೆದಿಟ್ಟಿದ್ದ. ನಂಬಿಕೆಯಿಂದ ಸೇವೆ ಮಾಡಿದ ಕೈಗಳ ಬಗ್ಗೆ. ಶುಕ್ರವಾರ ಬೆಳಿಗ್ಗೆ ಗ್ರೆಟಾ ಫೋನು ಮಾಡಿ, ಲಕೋಟೆ ತೆರೆದಿದ್ದೇನೆ, ಒಮ್ಮೆ ಬನ್ನಿ ಎಂದಳು. ಅವಳ ದೊಡ್ಡ ದನಿ ಸಣ್ಣದಾಗಿತ್ತು.

ಹಾಳೆಯಲ್ಲಿ ಹಾಡುಗಳ ಹೆಸರುಗಳಿದ್ದವು, ಪಾಠಗಳಿದ್ದವು. ಕೊನೆಗೆ, ಗ್ರಂಥಾಲಯದ ಚೀಟಿಗಳಲ್ಲಿ ಅವಳು ಬರೆಯುತ್ತಿದ್ದ ಅದೇ ನೆಟ್ಟಗಿನ ಅಕ್ಷರದಲ್ಲಿ, ಇಷ್ಟಿತ್ತು:

"ಫಾದರ್ ಹ್ಯಾಸ್ಕೆಲ್ ಆಗ ನಿವೃತ್ತರಾಗಿದ್ದರೆ ಒಳಗೆ ಬರಕೂಡದು. ನನ್ನ ತಾಯಿಯ ದಿನ ಫಾದರ್ ವಿನ್‌ಸ್ಲೋ ನಿಂತಿದ್ದ ಕಡೆ ನಿಂತಿರಲಿ, ಮುಗಿಯುವವರೆಗೆ. ಬಲವಂತ ಮಾಡಬೇಕಾಗಿಲ್ಲ. ನಿಯಮ ಎಂದರೆ ಸಾಕು, ಅವರೇ ನಿಲ್ಲುತ್ತಾರೆ."

ಅವನು ಎರಡು ಸಲ ಓದಿದ. ತಾರೀಖು ನೋಡಿದ. ಇಪ್ಪತ್ತು ವರ್ಷ. ಪ್ರತಿ ಭಾನುವಾರ ಹಿಂದಿನಿಂದ ಬಂದು ಭುಜದ ಮೇಲೆ ಅಂಗಿ ಸರಿಪಡಿಸುತ್ತಿದ್ದ ಆ ಎರಡು ಕೈಗಳು.

"ನಾನಿದನ್ನ ಹರಿದು ಹಾಕ್ತೀನಿ," ಎಂದಳು ಗ್ರೆಟಾ. "ಸತ್ತೋರ ಸಿಟ್ಟಿಗೆ ನಾವು ಆರಾಧನೆ ಮಾಡಬೇಕಾಗಿಲ್ಲ. ನೀವು ಒಳಗೆ ಬನ್ನಿ. ಕೊನೇ ಸಾಲಲ್ಲಿ ಕೂತ್ಕೊಳ್ಳಿ, ಯಾರಿಗೆ ಗೊತ್ತಾಗುತ್ತೆ?"

"ಮಾತು ಕೊಟ್ಟಿದೀನಿ."

"ಏನಿದೆ ಅಂತ ಗೊತ್ತಿಲ್ಲದೆ ಕೊಟ್ಟಿದ್ದು."

"ಬರೆದ ಹಾಗೇ ನಡೆಯುತ್ತೆ ಅಂತ ಇಡೀ ಸಭೆಗೆ ಹೇಳಿದ್ದು ನಾನೇ."

ಗ್ರೆಟಾ ಅವನನ್ನು ದಾದಿಯ ಕಣ್ಣಿನಿಂದ ನೋಡಿದಳು. "ಇದು ಪಶ್ಚಾತ್ತಾಪಾನಾ ಫಾದರ್, ಇಲ್ಲಾ ಹಟಾನಾ?"

ಅವನಿಗೆ ಗೊತ್ತಿರಲಿಲ್ಲ. ಒಂದು ಮಾತು ಮಾತ್ರ ಕೇಳಿಕೊಂಡ. ಹಾಳೆಯಲ್ಲಿರುವುದನ್ನು ಯಾರಿಗೂ ಹೇಳಬೇಡ, ಅವಳ ಹೆಸರು ಕೆಡುತ್ತದೆ. ಗ್ರೆಟಾ ಒಪ್ಪಿದಳು. ಬಾಗಿಲನ್ನಾದರೂ ತೆರೆದಿಡಿಸುತ್ತೇನೆ, ಅಲ್ಲಿಂದಲೇ ಕೇಳಿಸಿಕೊಳ್ಳಿ ಎಂದಳು.

ಸೋಮವಾರ ಹನ್ನೊಂದಕ್ಕೆ ಅವನು ಕಂಬದ ಪಕ್ಕ ನಿಂತ. ಹಿಂದೆ ಅಂಗಡಿಯ ಗಾಜಿಗೆ ಹಲಗೆ ಹೊಡೆದಿತ್ತು. ಟೋಪಿ ತೆಗೆದು ಕೈಯಲ್ಲಿ ಹಿಡಿದ. ಚಳಿ ಮೊದಲು ಕಿವಿಗೆ ಬಂತು, ಆಮೇಲೆ ಹಲ್ಲಿಗೆ. ಜನ ಬರತೊಡಗಿದರು. ಅವನು ಮದುವೆ ಮಾಡಿಸಿದವರು, ಅವನು ನೀರು ಚಿಮುಕಿಸಿದ ಮಕ್ಕಳು, ಈಗ ಗಡ್ಡ ಬಂದವರು. ಕೆಲವರು ಕೈ ಎತ್ತಿದರು, ಅವನು ದಾಟಿ ಬರಲಿ ಎಂದು ಕಾದರು, ಬರದಿದ್ದಾಗ ಕೈ ಇಳಿಸಿದರು. ಹಿರಿಯರ ಸಮಿತಿಯ ಒಬ್ಬ ಹೆಂಗಸು ಮೆಟ್ಟಿಲ ಮೇಲೆ ತನ್ನ ತಂಗಿಗೆ ಹೇಳಿದ್ದು, ಗಾಳಿ ಈ ಕಡೆ ಬೀಸುತ್ತಿದ್ದುದರಿಂದ, ಅವನಿಗೂ ಕೇಳಿಸಿತು.

"ನೋಡೇ, ಹೆಂಗಸು ಪಾದ್ರಿ ಮಾಡಿಸ್ತಾಳೆ ಅಂತ ಒಳಗೆ ಬರಲ್ಲ ಮಹಾರಾಯ. ಲಿಯೋನಾ ಮೂವತ್ತು ವರ್ಷ ಇವನ ಬಟ್ಟೆ ಇಸ್ತ್ರಿ ಮಾಡಿದ್ಲು."

ಅವನು ಟೋಪಿಯನ್ನು ಇನ್ನೊಂದು ಕೈಗೆ ಬದಲಿಸಿದ.

ಲಿಯೋನಾ ಬಂದಳು, ಆರು ಜನರ ಕೈಯಲ್ಲಿ, ತಾನೇ ಎಷ್ಟೋ ಸಲ ಇಸ್ತ್ರಿ ಮಾಡಿದ ಬಿಳಿ ಹೊದಿಕೆಯ ಕೆಳಗೆ. ಬಾಗಿಲಲ್ಲಿ ಗ್ರೆಟಾ ಮೊದಲ ವಾಕ್ಯಗಳನ್ನು ಶುರು ಮಾಡಿದಳು. ಅವಳ ದನಿ ರಸ್ತೆ ದಾಟಿ ಬಂತು, ಪ್ರತಿಯೊಂದು ಪದವೂ. ಎರಡನೆಯ ವಾಕ್ಯಕ್ಕೆ ಹ್ಯಾಸ್ಕೆಲ್‌ಗೆ ತನ್ನ ತುಟಿ ಅಲುಗುತ್ತಿರುವುದು ಗೊತ್ತಾಯಿತು. ಹಲ್ಲು ಕಟಕಟಿಸುತ್ತಿದ್ದುದರಿಂದಲ್ಲ. ಅವನು ಅವಳ ಜೊತೆಗೆ ಹೇಳುತ್ತಿದ್ದ, ಒಂದು ಪದವೂ ತಪ್ಪದೆ. ಮುದುಕ ವಿನ್‌ಸ್ಲೋ ಆ ದಿನ ಬಯ್ಯುತ್ತಿರಲಿಲ್ಲ.

ಗ್ರೆಟಾ ಒಳಗೆ ತಿರುಗುವಾಗ ಬಾಗಿಲ ಹತ್ತಿರ ನಿಂತಿದ್ದ ಮರ್ಲ್ ಡೈಯರ್‌ಗೆ ಬಾಗಿಲು ಹಾಗೇ ಇರಲಿ ಎಂದು ಕೈಸನ್ನೆ ಮಾಡಿದಳು. ಮರ್ಲ್ ತಲೆಯಾಡಿಸಿದ. ಅವನಿಗೂ ಈಗ ಅರವತ್ತು. ಮೂವತ್ತನಾಲ್ಕು ಚಳಿಗಾಲ ಆ ಬಾಗಿಲು ಕಾದವನು. ಕೊನೆಯವನು ಒಳಗೆ ಹೋಗುತ್ತಲೇ ಅವನ ಕೈ ತಾನಾಗಿ ಮೇಲೆದ್ದು ಕಬ್ಬಿಣದ ಹಿಡಿಯನ್ನು ಹಿಡಿದು ಎಳೆಯಿತು, ಪ್ರತಿ ಹೆಣಕ್ಕೂ ಎಳೆದಂತೆ. ಬಾಗಿಲು ದೊಡ್ಡ ಸದ್ದಿನೊಡನೆ ಮುಚ್ಚಿಕೊಂಡಿತು. ಗ್ರೆಟಾಳ ದನಿ ಒಂದು ಪದದ ನಡುವೆ ಕತ್ತರಿಸಿಹೋಯಿತು.

ಹ್ಯಾಸ್ಕೆಲ್ ಉಳಿದ ಪದಗಳನ್ನು ಒಬ್ಬನೇ ಹೇಳಿದ. ಎಷ್ಟನೆಯ ನಿಮಿಷಕ್ಕೆ ಕೀರ್ತನೆ, ಎಷ್ಟನೆಯದಕ್ಕೆ ಪಾಠ, ಯಾವಾಗ ಎಲ್ಲರೂ ಮೊಣಕಾಲೂರುತ್ತಾರೆ, ಅವನಿಗೆ ಗಡಿಯಾರ ಬೇಕಾಗಿರಲಿಲ್ಲ. ಬೆರಳುಗಳಲ್ಲಿ ಸ್ಪರ್ಶ ಹೋಯಿತು. ಕೈಗಳನ್ನು ಕಂಕುಳಿಗೆ ಒತ್ತಿಕೊಳ್ಳಬಹುದಿತ್ತು. ಆದರೆ ಟೋಪಿ ಹಿಡಿದುಕೊಳ್ಳಬೇಕಿತ್ತು.

ಗಿರಣಿಯ ಕಡೆಯಿಂದ ಮರ ಹೇರಿದ ಲಾರಿಯೊಂದು ಬಂದು ಪಕ್ಕದಲ್ಲಿ ನಿಂತಿತು. ಓಡಿಸುತ್ತಿದ್ದವನು ಗುಡ್ಡದ ಮೇಲಿನ ಫ್ರೆಂಚರ ಹುಡುಗ, ಮುಖ ಪರಿಚಯ. ಕಿಟಕಿ ಇಳಿಸಿ ತಲೆ ಹೊರಹಾಕಿದ.

"ಬಸ್ಸಿಗೆ ಕಾಯ್ತಿದೀರಾ ಫಾದರ್? ಇಲ್ಲಿ ಬಸ್ಸು ಬರದೆ ಹತ್ತು ವರ್ಷ ಆಯ್ತಲ್ಲ. ಹತ್ತಿ, ಮನೆ ಹತ್ರ ಬಿಡ್ತೀನಿ."

"ಬೇಡಪ್ಪ," ಎಂದ ಹ್ಯಾಸ್ಕೆಲ್. ತುಟಿ ಮರಗಟ್ಟಿ ಮಾತು ತೊದಲಿತು. "ಇನ್ನೂ ಅರ್ಧ ಗಂಟೆ ಇದೆ."